30 ಡಾಲರ್ ಮೀರದ ಐದು ಖಡಕ್ ಬರ್ಬನ್, ಆರು ವಾರ, ಒಂದು ತಪ್ಪು ಲೆಕ್ಕ

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ಗೆ ಬಂದು ಆರು ವರ್ಷವಾಯಿತು. ಕೆಂಟಕಿಯಲ್ಲಿದ್ದುಕೊಂಡು ಬರ್ಬನ್, ಅಂದರೆ ಇಲ್ಲಿನ ಮೆಕ್ಕೆಜೋಳದ ವಿಸ್ಕಿ, ಅದರ ಬಗ್ಗೆ ಏನೂ ಗೊತ್ತಿಲ್ಲ ಅನ್ನುವುದು ಮದ್ದೂರಲ್ಲಿ ಮನೆ ಮಾಡಿಕೊಂಡು ವಡೆ ತಿಂದಿಲ್ಲ ಅಂದ ಹಾಗೆ. ಇಷ್ಟು ದಿನ ನಾನು ತರುತ್ತಿದ್ದದ್ದು ಲೇಬಲ್ ಚೆನ್ನಾಗಿರುವ ಬಾಟಲಿ, ಇಲ್ಲವಾದರೆ ಆಫೀಸಿನಲ್ಲಿ ಯಾರೋ ಹೊಗಳಿದ ಬಾಟಲಿ. ಸೆಪ್ಟೆಂಬರ್‌ನಲ್ಲಿ 60 ಡಾಲರ್ ಕೊಟ್ಟು ಒಂದು ತಂದೆ. ಹೆಸರು ಬೇಡ. ಕುಡಿದು ನೋಡಿದರೆ ಇದಕ್ಕಿಂತ ಅಂಗಡಿಯ ಕೆಳಗಿನ ಸಾಲಿನ 18 ಡಾಲರ್ ಮಾಲೇ ವಾಸಿಯಿತ್ತಲ್ಲ ಅನ್ನಿಸಿತು. ಅನ್ನಿಸಿದ್ದು ನಿಜವೋ, ದುಡ್ಡು ಹೋದ ಹೊಟ್ಟೆಯುರಿಯೋ ಗೊತ್ತಾಗಬೇಕಿತ್ತು. ಅದಕ್ಕೇ ಈ ಕೆಲಸ.

ಷರತ್ತು ಎರಡೇ. 100 ಪ್ರೂಫ್‌ಗೆ ಕಡಿಮೆ ಇರಬಾರದು, 30 ಡಾಲರ್‌ಗೆ ಜಾಸ್ತಿ ಇರಬಾರದು. ಇಲ್ಲಿನ ಪ್ರೂಫ್ ಅಂದರೆ ಆಲ್ಕೋಹಾಲ್ ಶೇಕಡಾದ ಡಬಲ್. 100 ಪ್ರೂಫ್ ಅಂದರೆ ಶೇ. 50. ಊರಲ್ಲಿ ವಿಸ್ಕಿ ಬಾಟಲಿ ಮೇಲೆ 42.8 ಅಂತ ಇರುತ್ತದಲ್ಲ, ಅದು ಈ ಲೆಕ್ಕದಲ್ಲಿ 85.6.

ಹಂತ 1. ಅಕ್ಟೋಬರ್ 4, ಶನಿವಾರ, ಬೆಳಗ್ಗೆ: ಖರೀದಿ

ಎರಡು ಅಂಗಡಿ ಸುತ್ತಿ ಐದು ಬಾಟಲಿ ತಂದೆ. ಟ್ಯಾಕ್ಸ್ ಬಿಟ್ಟು ನಾನು ಕೊಟ್ಟ ರೇಟು ಇದು, ನಿಮ್ಮ ಕಡೆ ಒಂದೆರಡು ಡಾಲರ್ ಆಚೀಚೆ ಇರಬಹುದು.

ಇವಾನ್ ವಿಲಿಯಮ್ಸ್ ಬಾಟಲ್ಡ್ ಇನ್ ಬಾಂಡ್, ಬಿಳಿ ಲೇಬಲ್, 100 ಪ್ರೂಫ್, 18 ಡಾಲರ್.
ಅರ್ಲಿ ಟೈಮ್ಸ್ ಬಾಟಲ್ಡ್ ಇನ್ ಬಾಂಡ್, 100 ಪ್ರೂಫ್, 25 ಡಾಲರ್. ಇದು ಮಾತ್ರ 1 ಲೀಟರ್, ಉಳಿದದ್ದೆಲ್ಲ 750 ಎಂಎಲ್.
ಓಲ್ಡ್ ಗ್ರ್ಯಾಂಡ್ ಡ್ಯಾಡ್ ಬಾಂಡೆಡ್, 100 ಪ್ರೂಫ್, 24 ಡಾಲರ್.
ವೈಲ್ಡ್ ಟರ್ಕಿ 101, ಹೆಸರೇ ಪ್ರೂಫ್, 25 ಡಾಲರ್.
ಓಲ್ಡ್ ಗ್ರ್ಯಾಂಡ್ ಡ್ಯಾಡ್ 114, 30 ಡಾಲರ್.

ಒಟ್ಟು 122, ಶೇ. 6 ಟ್ಯಾಕ್ಸ್ ಸೇರಿ 129 ಡಾಲರ್ 32 ಸೆಂಟ್. ಬಿಲ್ಲನ್ನು ಹೆಂಡತಿ ನೋಡಿ ಏನೂ ಹೇಳಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲ.

ಐದರಲ್ಲಿ ಮೂರು 'ಬಾಂಡ್' ಆಗಿರುವುದು ಬೇಕೆಂದೇ. ಆ ಮಾತು ಲೇಬಲ್ ಮೇಲಿದ್ದರೆ ಒಂದೇ ಡಿಸ್ಟಿಲರಿ, ಒಂದೇ ಸೀಸನ್‌ನಲ್ಲಿ ಇಳಿಸಿದ್ದು, ಸರ್ಕಾರದ ನಿಗಾದಲ್ಲಿರುವ ಬಾಂಡೆಡ್ ಗೋದಾಮಿನಲ್ಲಿ ಕಡಿಮೆ ಅಂದರೂ 4 ವರ್ಷ ಪೀಪಾಯಿಯಲ್ಲಿ ಕೂತದ್ದು, ಸರಿಯಾಗಿ 100 ಪ್ರೂಫ್‌ಗೆ ತುಂಬಿದ್ದು. ಕಲಬೆರಕೆ ಮಿತಿ ಮೀರಿದ್ದ ಕಾಲದಲ್ಲಿ, 1897ರಲ್ಲಿ ಬಂದ ಕಾನೂನು. 18 ಡಾಲರ್ ಬಾಟಲಿಗೂ ಇಷ್ಟು ಗ್ಯಾರಂಟಿ ಸಿಗುತ್ತದೆ. ಅದೇ ಅಂಗಡಿಯಲ್ಲಿ 50 ಡಾಲರ್‌ನ ಎಷ್ಟೋ ಬಾಟಲಿಗಳ ಮೇಲೆ ಕುದುರೆ ಚಿತ್ರ ಇರುತ್ತದೆ, ವಯಸ್ಸು ಇರುವುದಿಲ್ಲ.

ರುಚಿ ನೋಡುವ ಮೊದಲು ಒಂದು ಒಣ ಲೆಕ್ಕ. ಬಾಟಲಿಯಲ್ಲಿರುವ ಶುದ್ಧ ಆಲ್ಕೋಹಾಲ್‌ಗೆ ಎಂಎಲ್‌ಗೆ ಎಷ್ಟು ಕೊಡುತ್ತಿದ್ದೇನೆ? ಇವಾನ್ 4.8 ಸೆಂಟ್, ಅರ್ಲಿ ಟೈಮ್ಸ್ 5, ಗ್ರ್ಯಾಂಡ್ ಡ್ಯಾಡ್ ಬಾಂಡೆಡ್ 6.4, ಟರ್ಕಿ 6.6, 114ಕ್ಕೆ 7. ಮಾಮೂಲಿ 80 ಪ್ರೂಫ್ ಬಾಟಲಿ 15 ಡಾಲರ್‌ಗೆ ತಂದರೆ ಅದೂ 5 ಸೆಂಟೇ. ಅಂದರೆ 3 ಡಾಲರ್ ಜಾಸ್ತಿ ಕೊಟ್ಟ ಇವಾನ್ ಲೆಕ್ಕದಲ್ಲಿ ಅದಕ್ಕಿಂತ ಅಗ್ಗ. ಕಡಿಮೆ ಪ್ರೂಫ್ ಬಾಟಲಿಯಲ್ಲಿ ನೀರಿಗೂ ದುಡ್ಡು ಕೊಟ್ಟಿರುತ್ತೇವೆ, ಅಲ್ವಾ.

ಹಂತ 2. ಅದೇ ರಾತ್ರಿ: ಪೂರ್ತಿ ಕೆಟ್ಟದ್ದು

ಐದು ಲೋಟ, ಒಂದೊಂದಕ್ಕೂ 30 ಎಂಎಲ್. ಒಂದು ಸ್ಮಾಲ್ ತಾನೇ ಅಂದುಕೊಂಡೆ. ಯಾವ ಲೋಟ ಯಾವುದು ಅಂತ ನನಗೆ ಗೊತ್ತಿತ್ತು, ಅದೇ ಮೊದಲ ತಪ್ಪು. ವಿಸ್ಕಿ ಮೂಸಿ ನೋಡಲೆಂದೇ ಮಾಡಿದ ಗ್ಲೆನ್‌ಕೇರ್ನ್ ಲೋಟ ಮನೆಯಲ್ಲಿದ್ದದ್ದು ನಾಲ್ಕೇ, ಐದನೆಯದಕ್ಕೆ ಸ್ಟೀಲ್ ಲೋಟ ಇಟ್ಟೆ, ಅದು ಎರಡನೆಯದು. ಮೂರನೆಯದೇ ದೊಡ್ಡದು: ಐದು ಸೇರಿ 77 ಎಂಎಲ್ ಶುದ್ಧ ಆಲ್ಕೋಹಾಲ್. ಊರಿನ 42.8ರ ಲೆಕ್ಕದಲ್ಲಿ ಆರು ಸ್ಮಾಲ್, ಅದೂ ಮುಕ್ಕಾಲು ಗಂಟೆಯಲ್ಲಿ.

ಬೆಳಗ್ಗೆ ನೋಟ್‌ಬುಕ್ ತೆಗೆದು ನೋಡಿದೆ. ಮೊದಲ ಲೋಟಕ್ಕೆ ಆರು ಸಾಲು ಬರೆದಿದ್ದೇನೆ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಒಂದು. ನಾಲ್ಕನೆಯದಕ್ಕೆ 'ಚೆನ್ನಾಗಿದೆ ಗುರು'. ಐದನೆಯದಕ್ಕೂ 'ಚೆನ್ನಾಗಿದೆ ಗುರು', ಕೆಳಗೆ ಎರಡು ಗೆರೆ ಎಳೆದು. ಆ ಹಾಳೆ ಹರಿದು ಹಾಕಿದೆ.

ಹಂತ 3. ಅಕ್ಟೋಬರ್ 5 ಮತ್ತು ಆ ವಾರ: ಸಾಮಾನು ಸರಿ ಮಾಡಿದ್ದು

ಇನ್ನೆರಡು ಗ್ಲೆನ್‌ಕೇರ್ನ್, 17 ಡಾಲರ್. 0.1 ಗ್ರಾಂ ತೋರಿಸುವ ಕಾಫಿ ತಕ್ಕಡಿ, 15 ಡಾಲರ್. ಅಡುಗೆಮನೆ ತಕ್ಕಡಿ ಗ್ರಾಂ ಗ್ರಾಂ ಹಾರುತ್ತದೆ, ಈ ಕೆಲಸಕ್ಕೆ ಸಾಲದು. ಮುಚ್ಚಳವಿರುವ 60 ಎಂಎಲ್ ಗಾಜಿನ ಸೀಸೆ 12, ಅದಕ್ಕೆ 9 ಡಾಲರ್. ಒಂದು ಗ್ಯಾಲನ್ ಡಿಸ್ಟಿಲ್ಡ್ ವಾಟರ್, ಒಂದೂವರೆ ಡಾಲರ್. ಮಗಳ ಜ್ವರದ ಔಷಧಿ ಜೊತೆ ಬಂದಿದ್ದ 5 ಎಂಎಲ್ ಸಿರಿಂಜ್, ಪುಕ್ಕಟೆ.

ತಕ್ಕಡಿಯಲ್ಲಿ ಒಂದು ವಿಷಯ ನೆನಪಿಡಿ. ಈ ಮಾಲು ನೀರಿಗಿಂತ ಹಗುರ. 100 ಪ್ರೂಫ್ ಆದರೆ 10 ಎಂಎಲ್‌ಗೆ 9.3 ಗ್ರಾಂ, 114 ಆದರೆ 9.2. ನಾನು ಮೊದಲು 10 ಗ್ರಾಂ ಅಂದರೆ 10 ಎಂಎಲ್ ಅಂದುಕೊಂಡು ಸುರಿದು ಎಲ್ಲದಕ್ಕೂ ಸ್ವಲ್ಪ ಜಾಸ್ತಿ ಹಾಕಿದ್ದೆ.

ಲೋಟದ ಕಥೆ ಬೇರೆ. ಪಾತ್ರೆ ಸೋಪಿನಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿದ ಲೋಟಕ್ಕೆ ಖಾಲಿ ಇದ್ದಾಗಲೂ ನಿಂಬೆ ವಾಸನೆ ಇತ್ತು. ಆ ಮೊದಲ ರಾತ್ರಿ ಆರು ಸಾಲಿನಲ್ಲಿ 'ನಿಂಬೆ ಸಿಪ್ಪೆ' ಅಂತ ಬರೆದಿದ್ದೆ ಬೇರೆ. ಈಗ ಬರೀ ಬಿಸಿನೀರು, ಬೋರಲು ಹಾಕಿ ಒಣಗಿಸುವುದು, ಸುರಿಯುವ ಮುಂಚೆ ಖಾಲಿ ಲೋಟ ಮೂಸುವುದು.

ಹಂತ 4. ಅಕ್ಟೋಬರ್ 11: ಮೊದಲ ಬ್ಲೈಂಡ್

ಬ್ಲೈಂಡ್ ಅಂದರೆ ಯಾವ ಲೋಟದಲ್ಲಿ ಯಾವುದಿದೆ ಅಂತ ಗೊತ್ತಿಲ್ಲದೆ ರುಚಿ ನೋಡುವುದು. ಹೆಂಡತಿ ಕುಡಿಯುವುದಿಲ್ಲ, ಅದಕ್ಕೇ ಅವಳೇ ಪರೀಕ್ಷಾಧಿಕಾರಿ. ನಾನು ಎ, ಬಿ, ಸಿ, ಡಿ, ಇ ಅಂತ ಸ್ಟಿಕ್ಕರ್ ಬರೆದುಕೊಟ್ಟಿದ್ದೆ. "ರೀ, ನೀವೇ ಬರೆದ ಮೇಲೆ ಇನ್ನೇನು ಬ್ಲೈಂಡು?" ಅಂದು ಕಿತ್ತು ಹಾಕಿ, ಲೋಟದ ತಳಕ್ಕೆ ಕ, ಚ, ಟ, ತ, ಪ ಅಂತ ಅಂಟಿಸಿ, ಯಾವುದು ಯಾವುದು ಅನ್ನುವ ಚೀಟಿಯನ್ನು ಸಾರಿನ ಪುಡಿ ಡಬ್ಬಿಯಲ್ಲಿ ಇಟ್ಟಳು. ಅಲ್ಲಿ ನಾನು ಕೈ ಹಾಕುವುದಿಲ್ಲ ಅಂತ ಅವಳಿಗೆ ಗೊತ್ತು.

ಒಂದೊಂದಕ್ಕೆ 10 ಎಂಎಲ್. ಐದು ಸೇರಿ 26 ಎಂಎಲ್ ಆಲ್ಕೋಹಾಲ್, ಎರಡು ಸ್ಮಾಲ್ ಸಮ. ತಲೆ ನೆಟ್ಟಗಿರುತ್ತದೆ. ಸುರಿದು 10 ನಿಮಿಷ ಬಿಟ್ಟು, ಬಾಯಿ ಅರ್ಧ ತೆರೆದುಕೊಂಡು ಮೂಸುವುದು. ಬಾಯಿ ಮುಚ್ಚಿ ಮೂಗನ್ನು ಲೋಟಕ್ಕೆ ತುರುಕಿದರೆ 114 ಪ್ರೂಫ್ ಘಾಟಿಗೆ ಕಣ್ಣಲ್ಲಿ ನೀರು ಬರುತ್ತದೆ. ಬಂತು.

ಪುಸ್ತಕದ 'ಟಾಫಿ, ಲೆದರ್' ಎಲ್ಲ ನನಗೆ ಹತ್ತುವುದಿಲ್ಲ. ನನ್ನ ಮೂಗಿಗೆ ಗೊತ್ತಿರುವುದನ್ನೇ ಬರೆದೆ. ಚ: ಕಡಲೆಬೀಜದ ಚಿಕ್ಕಿ, ಬೆಲ್ಲ ಸ್ವಲ್ಪ ಪಾಕ ಹೆಚ್ಚಾದದ್ದು. ಟ: ಹೊಸ ಬಾಗಿಲಿಗೆ ಬಡಗಿ ಮರ ಕೀಸುವ ಜಾಗ, ದಾಲ್ಚಿನ್ನಿ, ಕೊನೆಗೆ ನಾಲಿಗೆ ಬದಿಯಲ್ಲಿ ಒಗರು. ತ: ಬೆಣ್ಣೆ ಬಿಸ್ಕತ್ತು, ಪೂರ್ತಿ ಹಣ್ಣಾದ ಬಾಳೆ. ಪ: ಲವಂಗ, ಒಣಗಿದ ಕಿತ್ತಳೆ ಸಿಪ್ಪೆ. ಕ: ಬರೀ ಖಾರ.

ಚೀಟಿ ತೆಗೆದರೆ ನನ್ನ ಮೊದಲ ಸ್ಥಾನ ಟ, ವೈಲ್ಡ್ ಟರ್ಕಿ. ಆಮೇಲೆ ಚ ಅಂದರೆ ಇವಾನ್, ಪ ಅಂದರೆ ಗ್ರ್ಯಾಂಡ್ ಡ್ಯಾಡ್ ಬಾಂಡೆಡ್, ತ ಅಂದರೆ ಅರ್ಲಿ ಟೈಮ್ಸ್. ಕೊನೆಗೆ ಕ, 30 ಡಾಲರ್ 114. ಎಲ್ಲಕ್ಕಿಂತ ದುಬಾರಿಯದು ಕೊನೆಗೆ ಬಂದದ್ದು ನೋಡಿ ಕುಣಿದೆ. ನೋಡಿದಿರಾ, ದುಡ್ಡು ವೇಸ್ಟು ಅಂತ ಎರಡು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಮೂರನೇ ದಿನ ಹೊಳೆಯಿತು. ಕ ನಾನು ಮೊದಲು ಕುಡಿದ ಲೋಟ. ನಾಲಿಗೆ ಇನ್ನೂ ಸಪ್ಪಗಿದ್ದಾಗ ಮೊದಲ ಗುಟುಕು ಯಾವುದು ಹಾಕಿದರೂ ಖಾರವೇ, ಅದೂ ಶೇ. 57 ಆದರೆ ಕೇಳುವುದೇ ಬೇಡ. ನಾನು ಬಾಟಲಿಗೆ ಅಂಕ ಕೊಟ್ಟಿರಲಿಲ್ಲ, ಸರದಿಗೆ ಕೊಟ್ಟಿದ್ದೆ.

ಹಂತ 5. ಅಕ್ಟೋಬರ್ 18: ರದ್ದು

ಎರಡು ದಿನಕ್ಕೆ ದೀಪಾವಳಿ. ಮನೆಯಲ್ಲಿ ಚಕ್ಕುಲಿ ಕರಿಯುತ್ತಿದ್ದರು. ಇಂಗು, ಎಳ್ಳು, ಕಾದ ಎಣ್ಣೆ. ಐದು ಲೋಟದಲ್ಲೂ ಚಕ್ಕುಲಿ ವಾಸನೆಯೇ. 50 ಎಂಎಲ್ ಸುಮ್ನೆ ಹಾಳು. ಹಾಳು ಅಂದರೆ ಚೆಲ್ಲಲಿಲ್ಲ, ಚಕ್ಕುಲಿ ಜೊತೆ ಹೋಯಿತು. ಚೆನ್ನಾಗಿತ್ತು ಜೋಡಿ, ಆದರೆ ನೋಟ್‌ಬುಕ್‌ಗೆ ಬರಲಿಲ್ಲ.

ಹಂತ 6. ಅಕ್ಟೋಬರ್ 25: ಇಬ್ಬರು

ಸಿನ್ಸಿನಾಟಿಯಿಂದ ನನ್ನ ಷಡ್ಡಕ ಬಂದಿದ್ದರು. ನೂರು ಮೈಲಿ, ರಾತ್ರಿ ಇಲ್ಲೇ ಉಳಿಯುವುದು ಅಂತ ಮೊದಲೇ ಮಾತಾಗಿತ್ತು. ಅವರು ಸಿಂಗಲ್ ಮಾಲ್ಟ್ ಜನ, ಅಂದರೆ ಒಂದೇ ಡಿಸ್ಟಿಲರಿಯ ಬರೀ ಬಾರ್ಲಿ ಮಾಲ್ಟ್ ವಿಸ್ಕಿ. ಊರಿಂದ ಬರುವಾಗಲೆಲ್ಲ ಒಂದು ಅಮೃತ್ ಹಿಡಿದು ತರುತ್ತಾರೆ. ಬರ್ಬನ್ ಅಂದರೆ ಕೋಕ್‌ಗೆ ಬೆರೆಸುವ ಮಾಲು ಅನ್ನುವ ಪೈಕಿ.

ಈ ಸಲ ಎರಡು ಬದಲಾವಣೆ. ಶುರುವಿಗೆ ಇಬ್ಬರಿಗೂ 5 ಎಂಎಲ್ ಲೆಕ್ಕಕ್ಕಿಲ್ಲದ ಗುಟುಕು, ಬಾಯಿ ಒಗ್ಗಲಿ ಅಂತ. ಆಮೇಲೆ ಇಬ್ಬರಿಗೂ ಬೇರೆ ಬೇರೆ ಸರದಿ.

ಮೊದಲ ಲೋಟ ಮೂಸಿದವರೇ, "ಭಾವ, ಇದು ಅಮೃತ್ ವಾಸನೆ ಅಲ್ವಾ?" ಅಂದರು. ಉಲ್ಟಾ. ಬರ್ಬನ್‌ಗೆ ಪ್ರತಿ ಸಲವೂ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಆಗಬೇಕು, ಕಾನೂನು. ಒಂದು ಸಲ ಖಾಲಿಯಾದ ಪೀಪಾಯಿ ಇಲ್ಲಿ ಬರ್ಬನ್‌ಗೆ ಬರುವುದಿಲ್ಲ, ಹಡಗು ಹತ್ತಿ ಸ್ಕಾಟ್ಲೆಂಡಿಗೂ ಹೋಗುತ್ತದೆ, ಬೆಂಗಳೂರಿನ ಅಮೃತ್‌ಗೂ ಹೋಗುತ್ತದೆ. ಅವರು ಇಷ್ಟು ವರ್ಷ ಪ್ರೀತಿಯಿಂದ ಮೂಸಿದ ವೆನಿಲ್ಲಾದಲ್ಲಿ ಒಂದಿಷ್ಟು ಇಲ್ಲಿನದೇ. ಒಪ್ಪಿಕೊಳ್ಳಲು ಅವರಿಗೆ ಇನ್ನೊಂದು ಗುಟುಕು ಬೇಕಾಯಿತು.

ನನ್ನ ಪಟ್ಟಿ: ಟರ್ಕಿ, 114, ಇವಾನ್, ಗ್ರ್ಯಾಂಡ್ ಡ್ಯಾಡ್ ಬಾಂಡೆಡ್, ಅರ್ಲಿ ಟೈಮ್ಸ್. ಎರಡು ವಾರದ ಹಿಂದೆ ಕೊನೆಯಲ್ಲಿದ್ದ 114 ಎರಡನೆಯದಕ್ಕೆ ಬಂದಿತ್ತು, ಬದಲಾಗಿದ್ದು ಸರದಿ ಮತ್ತು ಒಂದು ಗುಟುಕು ಮಾತ್ರ. ಅವರ ಪಟ್ಟಿಯಲ್ಲಿ ಇವಾನ್ ಮೊದಲು, ಅರ್ಲಿ ಟೈಮ್ಸ್ ಎರಡನೆಯದು, ಟರ್ಕಿ ಕಟ್ಟಕಡೆ. "ಮರ ಜಾಸ್ತಿ, ಕಷಾಯ ಕುಡಿದ ಹಾಗಿದೆ" ಅಂದರು. ಅವರಿಗೆ ಸಿಹಿ ಬೇಕು. ಕಾಫಿಗೆ ಮೂರು ಚಮಚ ಸಕ್ಕರೆ ಹಾಕುವವರು.

ಟರ್ಕಿಗೂ ಇವಾನ್‌ಗೂ 7 ಡಾಲರ್ ವ್ಯತ್ಯಾಸ. ಆ 7 ಡಾಲರ್‌ಗೆ ಏನು ಸಿಗುತ್ತದೆ ಅಂತ ಫೋನಿನ ಸ್ಟಾಪ್‌ವಾಚ್ ಇಟ್ಟು ನೋಡಿದೆ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ? ಇವಾನ್ 25 ಸೆಕೆಂಡ್, ಟರ್ಕಿ 40. ಮೂರು ಸಲ ಅಳೆದೆ, ಹೆಚ್ಚುಕಡಿಮೆ ಅಷ್ಟೇ. ಹದಿನೈದು ಸೆಕೆಂಡ್ ದಾಲ್ಚಿನ್ನಿಗೆ 7 ಡಾಲರ್ ಕೊಡಬಹುದೋ ಬೇಡವೋ ನಿಮ್ಮಿಷ್ಟ. ಶನಿವಾರ ರಾತ್ರಿ ಸುಮ್ಮನೆ ಕೂತಿದ್ದರೆ ಕೊಡುತ್ತೇನೆ. ಐಸ್ ಹಾಕುವುದಾದರೆ ಕೊಡುವುದಿಲ್ಲ, ಐಸ್ ಕರಗಿದ ಮೇಲೆ ಎರಡೂ 20ಕ್ಕೆ ಇಳಿದವು.

ಮಾರನೇ ಬೆಳಗ್ಗೆ ತೊಳೆಯದ ಲೋಟಗಳನ್ನು ಮೂಸಿದೆ. ಆಲ್ಕೋಹಾಲ್ ಹಾರಿಹೋಗಿ ತಳದಲ್ಲಿ ಒಣಗಿದ್ದಷ್ಟೇ ಇರುತ್ತದೆ. ಟರ್ಕಿ ಲೋಟದಲ್ಲಿ ಸುಟ್ಟ ಸಕ್ಕರೆ, ಇವಾನ್‌ನಲ್ಲಿ ಒಬ್ಬಟ್ಟಿನ ಹೂರಣ. ಹೊಸ ಬಾಟಲಿ ತಂದವರು ಇದೊಂದು ತಪ್ಪದೆ ಮಾಡಿ, ಖರ್ಚಿಲ್ಲ.

ಹಂತ 7. ನವೆಂಬರ್ 2, ಭಾನುವಾರ: ನೀರು, ಮತ್ತು ತಪ್ಪು

1ನೇ ತಾರೀಖು ರಾಜ್ಯೋತ್ಸವ, ಮಗಳ ಡ್ಯಾನ್ಸ್, ಕೆಲಸ ಬಂದ್.

ಈಗ ತಲೆಯಲ್ಲಿ ಕೂತಿದ್ದ ಪ್ರಶ್ನೆ ಬೇರೆ. ಗ್ರ್ಯಾಂಡ್ ಡ್ಯಾಡ್ ಬಾಂಡೆಡ್ ಮತ್ತು 114 ಎರಡಕ್ಕೂ ಧಾನ್ಯದ ಮಿಶ್ರಣ ಒಂದೇ: ಮೆಕ್ಕೆಜೋಳ ಶೇ. 63, ರೈ (ಗೋಧಿಯಂಥ ಧಾನ್ಯ) 27, ಮಾಲ್ಟ್ ಮಾಡಿದ, ಅಂದರೆ ಮೊಳಕೆ ಬರಿಸಿ ಒಣಗಿಸಿದ, ಬಾರ್ಲಿ 10. ಹಾಗಾದರೆ 114 ತಂದು ಮನೆಯಲ್ಲೇ ನೀರು ಹಾಕಿ 100ಕ್ಕೆ ಇಳಿಸಿದರೆ ಬಾಂಡೆಡ್ ಆಗುವುದಿಲ್ಲವಾ? 750 ಎಂಎಲ್ 114 ಇಳಿಸಿದರೆ 855 ಎಂಎಲ್ ಆಗುತ್ತದೆ.

60 ಎಂಎಲ್ ಸೀಸೆಯಲ್ಲಿ ಶುರು ಮಾಡಿದೆ. 114ರಿಂದ 100ಕ್ಕೆ, ಅಂದರೆ 14 ಇಳಿಸಬೇಕು, 60ರಲ್ಲಿ ಶೇ. 14 ಅಂದರೆ 8.4 ಎಂಎಲ್ ನೀರು, ಉಳಿದ 51.6 ವಿಸ್ಕಿ. ಎಷ್ಟು ಸಲೀಸು ಅಂದುಕೊಂಡೆ. ಮೊದಲ ಸೀಸೆಗೆ ನಲ್ಲಿ ನೀರು ಹಾಕಿದ್ದೆ, ಈಜುಕೊಳದ ವಾಸನೆ ಬಂತು, ಚೆಲ್ಲಿದೆ. ಎರಡನೆಯದಕ್ಕೆ ಡಿಸ್ಟಿಲ್ಡ್. ಮುಚ್ಚಳ ಹಾಕಿ ಬೀರುವಿನಲ್ಲಿಟ್ಟೆ. ಹಾಕಿದ ಕೂಡಲೇ ಕುಡಿದರೆ ನೀರು ಬೇರೆ, ವಿಸ್ಕಿ ಬೇರೆ ಅನ್ನಿಸಿತ್ತು. ಒಂದು ರಾತ್ರಿ ಬಿಟ್ಟರೆ ಹೊಂದಿಕೊಳ್ಳುತ್ತದೆ.

ನವೆಂಬರ್ 7ರಂದು ಆಫೀಸ್ ಮೀಟಿಂಗ್ ನಡುವೆ ಲೆಕ್ಕ ತಪ್ಪು ಅಂತ ಹೊಳೆಯಿತು. ಶೇ. 14 ತೆಗೆಯಬೇಕಾದದ್ದು ಕೊನೆಗೆ ಬರುವ 60ರಲ್ಲಿ ಅಲ್ಲ, ಹಾಕುವ ವಿಸ್ಕಿಯಲ್ಲಿ. ಸರಿಯಾದದ್ದು 52.6 ವಿಸ್ಕಿ, 7.4 ನೀರು. ನನ್ನ ಸೀಸೆ ಶೇ. 49ಕ್ಕೆ ಇಳಿದುಬಿಟ್ಟಿತ್ತು, 98 ಪ್ರೂಫ್. ಅದರ ಮೇಲೆ 'ತಪ್ಪು' ಅಂತ ಬರೆದು ಪಕ್ಕಕ್ಕಿಟ್ಟು ಹೊಸದು ಮಾಡಿದೆ. ಒಂದೊಂದೇ ಲೋಟಕ್ಕೆ ಮಾಡುವುದಾದರೆ ಸುಲಭ: 10 ಎಂಎಲ್ 114ಕ್ಕೆ 1.4 ಎಂಎಲ್ ನೀರು, ಸಿರಿಂಜ್‌ನಲ್ಲಿ.

ಹಂತ 8. ನವೆಂಬರ್ 8 ಮತ್ತು 9: ಮೂರು ಲೋಟದ ಆಟ

ಮೂರು ಲೋಟ, 5 ಎಂಎಲ್ ಒಂದೊಂದು. ಎರಡರಲ್ಲಿ ಒಂದೇ ಮಾಲು, ಒಂದರಲ್ಲಿ ಬೇರೆ. ಬೇರೆಯದನ್ನು ಹಿಡಿಯಬೇಕು. ಶನಿವಾರ ಮೂರು ಸುತ್ತು, ಭಾನುವಾರ ಮೂರು. ಆರೂ ಒಂದೇ ದಿನ ಮಾಡಿದ್ದರೆ ಮತ್ತೆ 'ಚೆನ್ನಾಗಿದೆ ಗುರು' ಆಗುತ್ತಿತ್ತು.

ಆರರಲ್ಲಿ ಮೂರು ಸರಿ. ಕಣ್ಣುಮುಚ್ಚಿ ಬೊಟ್ಟು ಮಾಡಿದರೂ ಎರಡು ಸರಿ ಬರುತ್ತದೆ. ಹಾಗಾಗಿ ನನ್ನ ನಾಲಿಗೆಗೆ ಬಾಂಡೆಡ್‌ಗೂ ನೀರು ಹಾಕಿದ 114ಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲ ಅಂತಲೇ ಬರೆದುಕೊಂಡೆ. ಒಂದು ಸುತ್ತಿನಲ್ಲಿ ಖಂಡಿತ ಇದೇ ಅಂತ ಹಠ ಮಾಡಿ ತೋರಿಸಿದ್ದು ತಪ್ಪಾಗಿತ್ತು. ಹೆಂಡತಿ ಆ ಸುತ್ತನ್ನು ಇನ್ನೂ ನೆನಪಿಸುತ್ತಾಳೆ.

ದುಡ್ಡಿನ ಲೆಕ್ಕ ಇಲ್ಲಿ ಮುಗಿಯುತ್ತದೆ. ಇಳಿಸಿದ 114 ನನಗೆ 750 ಎಂಎಲ್‌ಗೆ 26 ಡಾಲರ್ 32 ಸೆಂಟ್ ಬೀಳುತ್ತದೆ. ಬಾಂಡೆಡ್ 24. ನೀರು ಹಾಕಿಯೇ ಕುಡಿಯುವವರು 114 ತರುವುದರಲ್ಲಿ ಅರ್ಥವಿಲ್ಲ. ಸಕ್ಕರೆ, ಬಿಟರ್ಸ್ ಅನ್ನುವ ಕಹಿ ಹನಿ, ದೊಡ್ಡ ಐಸ್ ಹಾಕಿ ಓಲ್ಡ್ ಫ್ಯಾಶನ್ಡ್ ಕಾಕ್‌ಟೇಲ್ ಮಾಡುವವರಿಗೆ ಮಾತ್ರ ಆ ಹೆಚ್ಚಿನ ಪ್ರೂಫ್ ಉಪಯೋಗ. ಐಸ್ ಅರ್ಧ ಕರಗಿದರೂ ಲವಂಗ ಜಗ್ಗುವುದಿಲ್ಲ.

ಹಂತ 9. ನವೆಂಬರ್ 15: ಕೊನೆಯ ಸುತ್ತು

ಷಡ್ಡಕರು ಮತ್ತೆ ಬಂದರು, ಈ ಸಲ ಕರೆಯದೇ. ಬಾಟಲಿಗಳೆಲ್ಲ ಮೂರನೇ ಒಂದು ಭಾಗ ಖಾಲಿ. ಗಾಳಿ ಸೇರಿದ್ದಕ್ಕೋ ಏನೋ, ಅರ್ಲಿ ಟೈಮ್ಸ್ ಮೊದಲ ದಿನದಷ್ಟು ಚುಚ್ಚುತ್ತಿರಲಿಲ್ಲ. ಹೊಸ ಬಾಟಲಿಯ ಮೊದಲ ಪೆಗ್ಗಿನಲ್ಲೇ ತೀರ್ಪು ಕೊಡಬೇಡಿ.

ಮೇಜಿನ ಮೇಲೆ ಲೋಟ ಆರಿದ್ದವು. "ಐದಲ್ವಾ?" ಅಂದೆ. "ಸುಮ್ನೆ ಕುಡೀರಿ" ಅಂದಳು ಹೆಂಡತಿ.

ನನಗೆ ಇವಾನ್ ಮೊದಲು, ಟರ್ಕಿ ಎರಡನೆಯದು, ಆರನೇ ಲೋಟ ಮೂರನೆಯದು. ಮೂರು ಬ್ಲೈಂಡ್ ಸೇರಿಸಿ ಈಗಲೂ ರುಚಿಗೆ ಟರ್ಕಿ, ದುಡ್ಡಿಗೆ ಇವಾನ್. ಆ 60 ಡಾಲರ್ ಬಾಟಲಿಯನ್ನು ಈ ಸಾಲಿಗೆ ಸೇರಿಸುವ ಧೈರ್ಯ ಇನ್ನೂ ಬಂದಿಲ್ಲ.

ಷಡ್ಡಕರು ಆರನೇ ಲೋಟ ಕೆಳಗಿಡಲೇ ಇಲ್ಲ. "ಭಾವ, ಇದೊಂದು ಬಾಟಲಿ ನನಗೆ ಬೇಕು, ಯಾವ ಅಂಗಡಿ?" ಹೆಂಡತಿ ಸಾರಿನ ಪುಡಿ ಡಬ್ಬಿ ತೆಗೆದು ಚೀಟಿ ಬಿಡಿಸಿದಳು. ಅದರಲ್ಲಿ 'ತಪ್ಪು' ಅಂತ ಬರೆದಿತ್ತು. 98 ಪ್ರೂಫ್ ಸೀಸೆ.

ಒಬ್ಬರ ಒಂದು ಲೋಟ, ಅದರಿಂದ ಏನೂ ಸಾಬೀತಾಗುವುದಿಲ್ಲ. ಆದರೂ ಅವರು ಹೊರಡುವಾಗ ಉಳಿದಿದ್ದ 114, ಸಿರಿಂಜ್ ಮತ್ತು ಒಂದು ಚೀಟಿ ಕೊಟ್ಟು ಕಳಿಸಿದೆ: 10 ಎಂಎಲ್‌ಗೆ 1.6 ನೀರು, ಒಂದು ರಾತ್ರಿ ಬಿಡಿ, ನಲ್ಲಿ ನೀರು ಬೇಡ.